ಪ್ರಭುರಾಜನ ಬಿಳಿ ಕಾಜಾಣ

ಗಂಗಾವತಿಯಲ್ಲಿ ನಮ್ಮ ಝೆರಾಕ್ಸ್ ಅಂಗಡಿಯ ಪಕ್ಕದ ಸ್ಟುಡಿಯೊ ಪ್ರಭುರಾಜನದು. ಅಲ್ಲಿ ಫೋಟೊ ತೆಗೆಸಿಕೊಂಡವರು ಯಾರೂ ಕಪ್ಪಗೆ ಹೊರಬಂದದ್ದಿಲ್ಲ. "ಅಣ್ಣಾ, ಇದನ್ನ ಕೊಟ್ರ ಆಫೀಸ್ನ್ಯಾಗ ನನ್ನ ಗುರುತಾ ಹಿಡಿಯಂಗಿಲ್ಲ" ಎಂದು ಗೋಳಾಡಿದವರಿಗೂ "ಛಲೋ ಕಾಣ್ತಿ, ಸುಮ್ನ ಒಯ್ಯಿ" ಎನ್ನುತ್ತಿದ್ದ. ಹೆಂಡತಿಯನ್ನಾದರೂ ಬಿಡಬೇಡವೇ? ಸ್ಟುಡಿಯೊ ಗೋಡೆಯ ಮೇಲಿನ ಅವರ ಮದುವೆ ಫೋಟೊದಲ್ಲಿ ಅಮೃತಾ ಸುಣ್ಣ ಬಳಿಸಿಕೊಂಡವಳ ಹಾಗಿದ್ದಳು.

ಇಂಥವನಿಗೆ ಹೋದ ವರ್ಷ ಹಕ್ಕಿ ಫೋಟೊದ ಹುಚ್ಚು ಹಿಡಿಯಿತು. ಪಾಸ್‌ಪೋರ್ಟ್ ಪ್ರಭು ಎನ್ನುವ ಊರವರ ಬಾಯಲ್ಲಿ ಹಕ್ಕಿ ಪ್ರಭು ಅನ್ನಿಸಿಕೊಳ್ಳಬೇಕು, ಅದೊಂದೇ ಆಸೆ. ಹತ್ತಿರದ ಮರಳಿ ಎಂಬ ಹಳ್ಳಿಯ ಗದ್ದೆಯ ಕೆಸರಿನಲ್ಲಿ ಮಲಗಿ, ತಂತಿಯ ಮೇಲಿನ ಕಾಜಾಣಕ್ಕೆ "ಗದ್ದ ಸ್ವಲ್ಪ ಮ್ಯಾಲೆತ್ರಿ" ಎಂದದ್ದನ್ನು ಜೊತೆಗೆ ಹೋಗಿದ್ದ ನಾನೇ ಕೇಳಿದ್ದೇನೆ. ಹಕ್ಕಿ ಎತ್ತಿತು. ಫೋಟೊ ಕೊಪ್ಪಳದ ಪ್ರದರ್ಶನ ಸೇರಿತು.

ಅಲ್ಲಿ ಅದನ್ನು ಕಂಡ ರಾಯಚೂರಿನ ಮೂವರು ತೋಳುದ್ದದ ಲೆನ್ಸ್ ಹೊತ್ತು ಸ್ಟುಡಿಯೊಕ್ಕೇ ಬಂದರು. ಅವರಲ್ಲಿ ಹಿರಿಯರಾದ ಉಜ್ಮಾ ಮೇಡಂ, "ಬಿಳಿ ಕಾಜಾಣ ಭಾಳ ಅಪರೂಪ ಐತ್ರಿ. ನಮಗೂ ತೋರಿಸ್ರಿ" ಎಂದರು. ಆಗ ಪ್ರಭುರಾಜನ ಮುಖ ನೋಡಬೇಕಿತ್ತು. ಗಿರಾಕಿಗಳಿಗೆ ಮಾಡುವ ಹಾಗೆಯೇ ಹಕ್ಕಿಗೂ ಕಂಪ್ಯೂಟರಿನಲ್ಲಿ ಬಣ್ಣ ತಿಳಿ ಮಾಡಿ ಕಳಿಸಿದ್ದ! ಅಲ್ಲೇ ಹೇಳಿ ಮುಗಿಸಬಾರದೇ ಪುಣ್ಯಾತ್ಮ? "ಬರ್ರಿ" ಎಂದು ಹೊರಟೇಬಿಟ್ಟ. ಅಮೃತಾಳೂ ನಾನೂ ಬೆನ್ನು ಹತ್ತಿದೆವು.

ಮರಳಿಯ ತಂತಿಯ ಮೇಲೆ ಕಾಡಿಗೆಯಂಥ ಕಾಜಾಣ ಕೂತಿತ್ತು. "ಇದಲ್ರಿ, ಬಿಳೀದು ಈಗ ಬರತೈತಿ" ಎನ್ನುತ್ತ ಪ್ರಭುರಾಜ ಬಿಸಿಲೇರುವ ತನಕ ಹೊತ್ತು ದೂಡಿದ. ಕೊನೆಗೆ ಉಜ್ಮಾ ಮೇಡಂ ದುರ್ಬೀನು ಇಳಿಸಿದರು.

"ಇದರ ಬಾಲದಾಗ ಎಡಗಡೆ ಗರಿ ತುಂಡಾಗೈತಿ. ನಿಮ್ಮ ಫೋಟೊದಾಗೂ ಹಂಗ ಐತಲ್ರಿ?"

ಪ್ರಭುರಾಜ ಟೋಪಿ ತೆಗೆದು ಬೆವರೊರೆಸಿಕೊಂಡ. "ಕಸುಬಿನ ಚಟ ರೀ ಮೇಡಂ. ಕರ್ರಗಿದ್ದದ್ದು ಕಂಡ್ರ ಕೈ ತಡಿಯಂಗಿಲ್ಲ. ಇದು ಅದಾ ಹಕ್ಕಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಚಿಕೆಯಿಂದ ಅವನು ಕ್ಯಾಮೆರಾದಲ್ಲಿದ್ದ ಮೂಲ ಫೋಟೊ ತೋರಿಸಿದ. ಎಳೆಬಿಸಿಲಿಗೆ ಕಪ್ಪು ಗರಿಗಳಲ್ಲಿ ನೀಲಿ ಹೊಳೆಯುತ್ತಿತ್ತು. ಉಜ್ಮಾ ಮೇಡಂ ನಗು ನಿಲ್ಲಿಸಿ, "ಇಷ್ಟು ಚಂದ ಇದ್ದದ್ದನ್ನ ಯಾಕ ಕೆಡಿಸಿದ್ರಿ?" ಎಂದರು.

ಅಮೃತಾ ಮುಂದೆ ಬಂದು ಕ್ಯಾಮೆರಾದೊಳಗೆ ಇಣುಕಿದಳು. "ನಂದೂ ಮೂಲ ಫೋಟೊ ಇಟ್ಟಾರೇನು, ಕೇಳ್ರಿ ಮೇಡಂ."

ಪ್ರಭುರಾಜ ಗದ್ದೆ ಕಡೆ ಮುಖ ಮಾಡಿದ.

ಪ್ರದರ್ಶನದಿಂದ ಫೋಟೊ ವಾಪಸು ಬಂತು. ಹಕ್ಕಿ ಪ್ರಭು ಆಗಲಿಲ್ಲ, ಊರು ಈಗ ಅವನನ್ನು ಬಿಳಿ ಕಾಜಾಣ ಎನ್ನುತ್ತದೆ. ಅವನು ಮಾತ್ರ ಹಳೆಯ ಸೀಡಿಗಳನ್ನೆಲ್ಲ ಕೆದಕಿ, ಮದುವೆಯ ಮೂಲ ಫೋಟೊ ಹುಡುಕಿ, ದೊಡ್ಡದು ಮಾಡಿ ಗೋಡೆಗೆ ಹಾಕಿದ. ಅದರಲ್ಲಿ ಅಮೃತಾ ಎಣ್ಣೆಗಪ್ಪು, ಗದ್ದ ತುಸು ಮೇಲೆ. ಬುತ್ತಿ ತಂದವಳು ಗಂಟು ಕೆಳಗಿಟ್ಟು ಅದರ ಹತ್ತಿರ ಹೋದಳು.

"ಈಗ ನಾ ನಿಮ್ಮ ಬಾಜೂಕ ನಿಂತಂಗಾತು ನೋಡ್ರಿ" ಅಂದಳು.