ಗಾಜಿನ ತುಣುಕಿನ ಹಣೆ

ಹೊಸ ವಸ್ತುವಿಗೆ ಹಣೆ ಎಲ್ಲಿರುತ್ತದೆ? ನಗಬೇಡಿ, ನಮ್ಮ ಮನೆಯ ಮಿಕ್ಸರಿಗೂ ಫ್ರಿಜ್ಜಿಗೂ ನೀರೆತ್ತುವ ಮೋಟರಿಗೂ ಹಣೆಯುಂಟು, ಅದರ ಮೇಲೆ ಕುಂಕುಮವೂ ಉಂಟು. ಬಬಲೇಶ್ವರದ ಬಳಿಯ ಜೈನಾಪುರದಿಂದ ಬಂದು ನನ್ನ ಮನೆ ತುಂಬಿದ ಕಮಲಾ, ಹೊಸ್ತಿಲು ದಾಟಿದ ಯಾವ ವಸ್ತುವನ್ನೂ ಬೋಳು ಹಣೆಯಲ್ಲಿ ಬಿಟ್ಟವಳಲ್ಲ. ಇಬ್ರಾಹಿಂಪುರದಲ್ಲಿ ವಿದ್ಯುತ್ ಸಾಮಾನಿನ ಅಂಗಡಿಯಿಟ್ಟು, ನಾಲ್ಕು ಪುಸ್ತಕ ಓದಿದ ಗರ್ವದಲ್ಲಿ ಮೀಸೆ ತಿರುವುವ ನಾನೂ ಈ ವಿಧಿಯ ಪ್ರಬಲ ಸಮರ್ಥಕ. ಕುಂಕುಮ ಹಚ್ಚಿದ ಮೇಲೂ ಮಿಕ್ಸರು ಕೆಟ್ಟರೆ ದೋಷ ಕಂಪನಿಯದು.

ಮಗಳು ಸುಧಾ ಸಂಶೋಧಕಿ. ಮೊನ್ನೆ ಅವಳು ಪ್ರಯೋಗಾಲಯದಿಂದ ಉಗುರಿನಷ್ಟು ಗಾಜಿನ ತುಣುಕೊಂದನ್ನು ತಂದಳು: ಬೆಳಕನ್ನು ಗುರುತಿಸುವ ಸಾಧನ. ಮರುದಿನ ಧಾರವಾಡದಲ್ಲಿ ಪರೀಕ್ಷಕರ ಮುಂದೆ ಅದು ಕೆಲಸ ಮಾಡದಿದ್ದರೆ ಇನ್ನೊಂದನ್ನು ತಯಾರಿಸಲು ತಿಂಗಳುಗಳೇ ಬೇಕು. ಪದವಿಯೂ ಅಷ್ಟೇ ದೂರ ಸರಿಯುತ್ತಿತ್ತು. ಅದರೊಳಗೆ ಮೂರು ಪರಮಾಣುಗಳಷ್ಟೇ ದಪ್ಪದ ನಿರವಯವ ಅರೆವಾಹಕದ ಹಾಳೆ, ಅದರ ಮೇಲೆ ಇಂಗಾಲದ ಅಣುಗಳಿಂದಾದ ಸಾವಯವ ಪೊರೆ. ಮೇಲಿನದು ಬೆಳಕು ಹೀರುವುದರಲ್ಲಿ ಜಾಣೆ, ಕೆಳಗಿನದು ವಿದ್ಯುತ್ತು ಸಾಗಿಸುವುದರಲ್ಲಿ ಚುರುಕು.

ನಾನು ವ್ಯಾಪಾರಿ, ನಡುವೆ ಯಾವ ಅಂಟು ಹಾಕುತ್ತಾರೆಂದು ಕೇಳಿದೆ.

"ಅಂಟು ಬ್ಯಾಡಪ್ಪಾ. ಒಂದಕ್ಕೊಂದು ಹತ್ತಿ ಕುಂತ್ರ ಸಾಕು, ತಾವ ಹಿಡಕೋತಾವ."

ನನಗೆ ಕೊಂಚ ನೋವೇ ಆಯಿತು. ತಾಯಿಯ ಕುಂಕುಮ, ಮಗಳ ವಿಜ್ಞಾನ ಇವೆರಡರ ನಡುವೆ ಈ ಮನೆಯ ಅಂಟು ನಾನೇ ಎಂದು ಇಷ್ಟು ವರ್ಷ ದೃಢವಾಗಿ ನಂಬಿದ್ದೆ.

ಮೇಜಿನ ದೀಪದ ಕೆಳಗೆ ಸಾಧನವನ್ನು ಮೀಟರಿಗೆ ಜೋಡಿಸಿಟ್ಟು ಸುಧಾ ಊಟಕ್ಕೆ ಎದ್ದಳು. ಮರಳಿ ಬಂದಾಗ ಮೀಟರಿನ ಅಂಕಿ ಪಾತಾಳಕ್ಕಿಳಿದಿತ್ತು. ಅವಳ ಮುಖವೂ ಇಳಿಯಿತು. ಬಗ್ಗಿ ನೋಡಿದರೆ ಗಾಜಿನ ನಟ್ಟನಡುವೆ ದುಂಡನೆಯ ಕುಂಕುಮ!

"ಹೊಸಾದು ಐತಿ, ಬೋಳು ಹಣೀಲೆ ಹ್ಯಾಂಗ ಕಳಸೂದು?" ಎಂದಳು ಕಮಲಾ. ಅಂಟಾದ ನಾನು ಸಂಧಾನಕ್ಕೆಂದು ಇಬ್ಬರ ನಡುವೆ ನುಗ್ಗಿದೆ, ದೀಪಕ್ಕೆ ನಾನೇ ಅಡ್ಡವಾದೆ.

ಪುಣ್ಯಕ್ಕೆ ಗಾಳಿ, ತೇವ ತಾಗದಿರಲೆಂದು ಪೊರೆಗಳ ಮೇಲೆ ಗಾಜು ಮುಚ್ಚಿತ್ತು. ಸುಧಾ ಮೆಲ್ಲಗೆ ಒರೆಸಿದಳು, ಅಂಕಿ ಏರಿತು. ಬೆರಳು ಅಡ್ಡ ಹಿಡಿದಳು, ಇಳಿಯಿತು. ಆಮೇಲೆ ಅವಳು ನಕ್ಕದ್ದು ನೋಡಿ ನನ್ನ ಉಸಿರೂ ಹಗುರಾಯಿತು.

"ಯವ್ವಾ, ಇದಕ್ಕ ಕಣ್ಣು ಭಾಳ ಚುರುಕು ಐತಿ. ನೀ ಹಣಿಗೆ ಹಚ್ಚಿಲ್ಲ, ಕಣ್ಣಿಗೇ ಹಚ್ಚೀದಿ."

"ಅಯ್ಯ, ಹಂಗಾದ್ರ ಹಣಿ ಎಲ್ಲೈತಿ?"

ಸುಧಾ ಗಾಜಿನ ಖಾಲಿ ಅಂಚನ್ನು ತೋರಿಸಿದಳು. ಕಮಲಾ ನಾಲಿಗೆ ಕಚ್ಚಿಕೊಂಡು ಅಲ್ಲಿ ಎಳ್ಳುಕಾಳಿನಷ್ಟು ಕುಂಕುಮ ಇಟ್ಟಳು. ಆ ದೀಪದ ಕೆಳಗೆ ಎರಡೂ ತಲೆಗಳು ಒಂದಕ್ಕೊಂದು ತಾಗಿದ್ದವು, ನನ್ನತ್ತ ಯಾರೂ ತಿರುಗಲಿಲ್ಲ. ಕೆಲಸ ಕಳೆದುಕೊಂಡವನಿಗೆ ಇಷ್ಟು ಸಂತೋಷವಾಗಬಹುದೆಂದು ನಾನು ಎಣಿಸಿರಲಿಲ್ಲ.

ಮರುದಿನ ಧಾರವಾಡದಿಂದ ಫೋನು ಬಂತು: ಸಾಧನ ಕೆಲಸ ಮಾಡಿತ್ತು. ಅಂಚಿನ ಕೆಂಪು ಚುಕ್ಕೆ ಏನೆಂದು ಪರೀಕ್ಷಕರೊಬ್ಬರು ಕೇಳಿದರಂತೆ. ನಮ್ಮವ್ವ ಹಚ್ಚಿದ್ದು ಎಂದಳಂತೆ ಸುಧಾ.

ಈಗ ಅಂಗಡಿಗೆ ಹೊಸ ಮಾಲು ಬಂದರೆ ಕಮಲಾ ಕುಂಕುಮದ ಬಟ್ಟಲು ಹಿಡಿದು, ನನ್ನನ್ನಲ್ಲ, ಮಗಳನ್ನು ಕೇಳುತ್ತಾಳೆ: "ಇದರ ಕಣ್ಣು ಎಲ್ಲೈತಿ ಹೇಳವಾ ಮೊದಲ."