ಸುಮ್ಮನೆ ಎದ್ದು ನೋಡುವ ಚಟ

ಕೆಲಸವಿಲ್ಲದವರು ಮಲಗಿದರೆ ನನಗೆ ತಕರಾರಿಲ್ಲ. ಕೆಲಸವಿಲ್ಲದೆ ಎದ್ದು ಸುಳಿದಾಡುವವರನ್ನು ಕಂಡರೆ ಮೈ ಉರಿಯುತ್ತದೆ. ನಾನು ಬೆಳೆದ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದ ಮೇಲೂ ಮಲಗಿದ್ದರೆ ಎಷ್ಟು ಶಿಕ್ಷೆಯೋ, ಗಂಟೆಗೆ ಮೊದಲೇ ಎದ್ದು ವರಾಂಡದಲ್ಲಿ ಓಡಾಡಿದರೂ ಅಷ್ಟೇ ಶಿಕ್ಷೆ. ಆಮೇಲೆ ಒಂದು ಸರ್ಕಾರಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನಿವೃತ್ತಿಯವರೆಗೆ ದುಡಿದೆ. ಅಲ್ಲಿಯೂ ಸೈರನ್ ಕೂಗಿದಾಗ ಕೆಲಸ, ಸೈರನ್ ಕೂಗಿದಾಗ ಊಟ.

ಇಷ್ಟು ಶಿಸ್ತಿನಲ್ಲಿ ಬಾಳಿದವಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಚಿಕ್ಕ ಕಂಪನಿಗೆ ಸಲಹೆಗಾರ್ತಿಯಾಗಿ ಹೋದೆ. ಅಲ್ಲಿ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡುತ್ತಾರೆ. ನಿಂತರೆ ಬೇಗ ಮುಗಿಯುತ್ತದಂತೆ. ಮುಗಿಯುವುದಿಲ್ಲ, ಕಾಲು ನೋಯುತ್ತದೆ, ಅಷ್ಟೆ. ಮುಗಿದ ಮೇಲೆ ಟೀಮ್ ಲೀಡ್ ಎಂಬ ಮಹಾಶಯ ಒಂದೊಂದೇ ಮೇಜಿನ ಬಳಿ ಹೋಗಿ, "ಏನಾದ್ರೂ ಅಪ್‌ಡೇಟ್ ಇದ್ಯಾ?" ಎಂದು ಕೇಳುತ್ತಾನೆ. ಕೇಳಿಸಿಕೊಂಡವರು ಮಾಡುತ್ತಿದ್ದ ಕೆಲಸ ಬಿಟ್ಟು ತಲೆಯೆತ್ತಿ "ಇಲ್ಲ" ಎನ್ನುತ್ತಾರೆ. ಅವನು ಸಮಾಧಾನದಿಂದ ಮುಂದಿನ ಮೇಜಿಗೆ ಹೋಗುತ್ತಾನೆ. ಊಟದ ಹೊತ್ತಿಗೆ ಮತ್ತೊಂದು ಸುತ್ತು. ಇದಕ್ಕೆ ಅವರ ಭಾಷೆಯಲ್ಲಿ ಫಾಲೋಅಪ್ ಎಂದು ಹೆಸರು.

ಈ ಕಂಪನಿ ಒಂದು ಪೆಟ್ಟಿಗೆ ಮಾಡುತ್ತಿತ್ತು. ಲಸಿಕೆ ಇಡುವ ಫ್ರಿಜ್ಜಿನ ಪಕ್ಕದಲ್ಲಿ ಅದನ್ನು ಗೋಡೆಗೆ ಹಾಕಿದರೆ, ಒಳಗಿನ ತಾಪಮಾನವನ್ನೂ ಬಾಗಿಲು ತೆರೆದ ಹೊತ್ತನ್ನೂ ತಾನೇ ದಾಖಲು ಮಾಡಿಕೊಳ್ಳುತ್ತದೆ. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ನಡೆಯುತ್ತದೆ. ನಡೆಯಬೇಕು. ನಡೆಯುತ್ತಿರಲಿಲ್ಲ ಎಂಬುದೇ ಈ ಕಥೆ.

ಚಂದಾಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಲಸಿಕೆಯ ಉಸ್ತುವಾರಿ ಹೊತ್ತಿದ್ದ ಸಿಸ್ಟರ್ ಒಂದು ದಿನ ಫೋನ್ ಮಾಡಿದರು. ಟೀಮ್ ಲೀಡ್ ಸ್ಪೀಕರ್ ಹಾಕಿದ್ದರಿಂದ ಇಡೀ ಆಫೀಸಿಗೆ ಕೇಳಿಸಿತು.

"ಏನ್ರೀ, ನಿಮ್ ಡಬ್ಬ ಇದ್ಯಲ್ಲ, ಕರೆಂಟ್ ಹೋಗಿ ಊಟ ಮಾಡ್ಕೊಂಡ್ ಬರೋಷ್ಟರಲ್ಲಿ ಅದೂ ಸತ್ತೋಗಿತ್ತು. ನಮ್ ಫ್ರಿಜ್ಜು ಸಂಜೆ ತನಕ ತಣ್ಣಗೇ ಇರುತ್ತೆ, ಅದರ ಗೋಡೆ ತುಂಬಾ ಐಸ್ ಇದೆ. ಮದ್ದು ಚೆನ್ನಾಗೇ ಇತ್ತು. ಆದ್ರೆ ಚೆನ್ನಾಗಿತ್ತು ಅಂತ ತೋರ್ಸೋಕೆ ನನ್ ಹತ್ರ ಏನಿದೆ? ರೆಕಾರ್ಡ್ ಇಲ್ದಿದ್ರೆ ಎಸೀಬೇಕು ಅಂತ ಇಲ್ಲಿ ರೂಲು. ಎಲ್ಲಾ ಎಸೆದೆ."

"ಸಾರಿ ಮೇಡಂ, ನಾವು ಚೆಕ್ ಮಾಡ್ತಾ ಇರ್ತೀವಿ," ಎಂದ ಟೀಮ್ ಲೀಡ್.

"ಚೆಕ್ ಮಾಡ್ತಾ ಇರೋಕೆ ನೀವೇನು ವಾಚ್‌ಮನ್ನಾ? ಸರಿ ಮಾಡ್ರೀ! ಗಾರ್ಮೆಂಟ್ಸಿಗೆ ರಜಾ ಹಾಕಿ ಮಗು ಎತ್ಕೊಂಡ್ ಬಂದಿದ್ರು, ಎಲ್ಲಾರ್ನೂ ವಾಪಸ್ ಕಳ್ಸಿದೀನಿ. ಮುಂದಿನ ತಿಂಗ್ಳು ಲೈನ್ ಕೆಲ್ಸ ಅಂತ ಮತ್ತೆ ಇಡೀ ಮಧ್ಯಾಹ್ನ ಕರೆಂಟ್ ತೆಗೀತಾರಂತೆ. ಅವತ್ತೂ ನನ್ ಕೈಲಿ ಮದ್ದು ಎಸೆಸಿದ್ರೆ ನಿಮ್ ಡಬ್ಬಾನೂ ಅದರ ಜೊತೆ ಎಸೀತೀನಿ."

ಆ ಆಫೀಸಿನಲ್ಲಿ ನಾನು ಕೇಳಿದ ಮೊದಲ ಅರ್ಥವಿರುವ ಮಾತು ಅದು.

ಟೀಮ್ ಲೀಡ್‌ನ ಮೊದಲ ಸಲಹೆ ದೊಡ್ಡ ಬ್ಯಾಟರಿ ಹಾಕುವುದು. ತೂತು ಬಿದ್ದ ಬಿಂದಿಗೆಗೆ ಇವರು ದೊಡ್ಡ ನಲ್ಲಿ ಹುಡುಕುವವರು. ಬ್ಯಾಟರಿ ಯಾರು ಕುಡಿಯುತ್ತಿದ್ದಾರೆಂದು ಮೊದಲು ನೋಡೋಣ ಎಂದು ನಾನು ಪೆಟ್ಟಿಗೆಯ ಬ್ಯಾಟರಿ ತಂತಿಗೆ ಮೀಟರ್ ಹಚ್ಚಿದೆ. ಪೆಟ್ಟಿಗೆಗೆ ಮಾಡಲು ಏನೂ ಇಲ್ಲದಾಗ ಮುಳ್ಳು ಕೆಳಗೆ ಮಲಗಬೇಕು. ಅದು ಮಲಗಲೇ ಇಲ್ಲ. ಜ್ವರ ಬಂದ ಮಗುವಿನಂತೆ ಒಂದೇ ಸಮನೆ ಅದುರುತ್ತಿತ್ತು.

ಅದುರಿಸುತ್ತಿದ್ದವನು ಸಿಕ್ಕಿದ. ಪೆಟ್ಟಿಗೆಯೊಳಗೆ ದಾಖಲೆಗಳನ್ನು ಜೋಡಿಸಿಡುವ ಒಂದು ಡೇಟಾಬೇಸ್ ಇತ್ತು. ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದನ್ನು ತಂದು ನಮ್ಮವರು ತಮಗೆ ಬೇಕಾದಂತೆ ಕತ್ತರಿಸಿ ಹೊಲಿದುಕೊಂಡಿದ್ದರು. ಡೇಟಾಬೇಸಿಗೆ ಒಂದು ಪದ್ಧತಿಯಿದೆ. ಹೊಸ ಸಂಗತಿ ಬಂದರೆ, ಅದನ್ನು ಅದರ ಜಾಗದಲ್ಲಿ ಇಡುವ ಮುಂಚೆ, ಏನು ಬಂತೆಂದು ಲಾಗ್ ಎಂಬ ಕಡೆ ಸಾಲಾಗಿ ಬರೆದುಕೊಳ್ಳುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ತಾಪಮಾನ ಅಳೆದು ತರುವ ಪ್ರೋಗ್ರಾಂ ಎಂಬವನು ಆ ಲಾಗಿನ ಸಾಲನ್ನು ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟು ಹೊರಟುಹೋಗುತ್ತಿದ್ದ. ಅದನ್ನು ಕರೆಂಟ್ ಹೋದರೂ ಅಳಿಯದ ಕಾರ್ಡಿಗೆ ಇಳಿಸಲು ಹಿನ್ನೆಲೆಯಲ್ಲಿ ಪ್ರೋಸೆಸ್ ಎಂಬ ಇನ್ನೊಂದು ಪ್ರೋಗ್ರಾಂ ಇತ್ತು. ಅದು ಇಳಿಸುವ ಮೊದಲೇ ಪೆಟ್ಟಿಗೆ ಸತ್ತರೆ ಆ ದಾಖಲೆಯೂ ಸತ್ತಿತೆಂದೇ ಲೆಕ್ಕ.

ಈ ಪ್ರೋಸೆಸ್ ಸೆಕೆಂಡಿಗೆ ಹಲವು ಬಾರಿ ಎದ್ದು, "ಏನಾದರೂ ಬಂದಿದೆಯಾ" ಎಂದು ನೋಡಿ, ಇಲ್ಲವೆಂದು ಮಲಗುತ್ತಿತ್ತು. ಫ್ರಿಜ್ಜಿನ ತಾಪಮಾನ ಬರುವುದೋ ಕೆಲವು ನಿಮಿಷಕ್ಕೊಮ್ಮೆ. ನಡುವೆ ಅದು ಎದ್ದದ್ದೆಲ್ಲ ದಂಡ. ಅದು ಎದ್ದಾಗಲೆಲ್ಲ ಪೆಟ್ಟಿಗೆಯ ಮಿದುಳಾದ ಪ್ರೊಸೆಸರ್ ಕೂಡ ಏಳಬೇಕು. ಇನ್ನೇನು ಗಾಢ ನಿದ್ದೆ ಹತ್ತಬೇಕು, ಅಷ್ಟರಲ್ಲಿ ಮತ್ತೆ ಏಳು. ಆ ಮಹಾಶಯನನ್ನು ಕಂಡೊಡನೆ ನನಗೆ ಗುರುತು ಸಿಕ್ಕಿತು. ಇವನು ದಿನಾ ನನ್ನ ಮೇಜಿನ ಬಳಿಗೂ ಬರುತ್ತಿದ್ದನಲ್ಲ, ಅಪ್‌ಡೇಟ್ ಕೇಳಲು!

"ಅದು ಆಕ್ಟಿವ್ ಆಗಿದ್ರೆ ಒಳ್ಳೇದಲ್ವಾ ಮೇಡಂ?" ಎಂದ ಟೀಮ್ ಲೀಡ್. "ರಿಸ್ಕ್ ಕಮ್ಮಿ."

"ಆಕ್ಟಿವ್ ಅಲ್ಲಪ್ಪ ಅದು, ಚಟ. ನಿಮಗೂ ಇದೆ."

ಅವನು ನಕ್ಕ. ಬೈದರೆ ನಗುವುದನ್ನು ಇವರಿಗೆ ಯಾವುದೋ ತರಬೇತಿಯಲ್ಲಿ ಕಲಿಸುತ್ತಾರೆಂದು ಕಾಣುತ್ತದೆ.

ಮರುದಿನ ಬಂದು, "ಮಾಡ್ಬಿಟ್ಟೆ ಮೇಡಂ, ಸಿಂಪಲ್ಲು," ಎಂದ. ಮಾಡಿದ್ದೇನೆಂದರೆ, ನಿದ್ದೆಯ ಅವಧಿಯನ್ನು ನಿಮಿಷಗಟ್ಟಲೆ ಉದ್ದ ಮಾಡಿದ್ದ. ಬ್ಯಾಟರಿ ಉಳಿಯಿತು ನಿಜ. ಆದರೆ ದಾಖಲೆ ಬಂದು ಬಾಗಿಲಲ್ಲಿ ಕಾಯುತ್ತಿದ್ದರೂ ಪ್ರೋಸೆಸ್ ಗೊರಕೆ ಹೊಡೆಯುತ್ತಿತ್ತು. ನಾನು ತಂತಿ ಕಿತ್ತು ಮತ್ತೆ ಹಾಕಿ ತೋರಿಸಿದೆ. ಕೊನೆಯ ದಾಖಲೆಗಳು ಮಾಯ. ಎಚ್ಚರವಾಗಿ ಕೂತಿದ್ದರೆ ಬ್ಯಾಟರಿ ಹೋಯಿತು, ಮಲಗಿದರೆ ದಾಖಲೆ ಹೋಯಿತು. ಇವೆರಡರ ನಡುವೆ ಒಂದು ಅಂಕಿ ಆರಿಸೋಣ ಎಂದು ಅವನು ಮೀಟಿಂಗ್ ಕರೆಯಲು ಹೊರಟ. ಅಂಕಿ ಆರಿಸಲು ಇದೇನು ಲಾಟರಿಯೇ? ಎರಡು ತಪ್ಪುಗಳ ನಡುವೆ ಸರಾಸರಿ ತೆಗೆದರೆ ಸರಿ ಬರುತ್ತದೆಂದು ಇವರಿಗೆ ಕಲಿಸಿದ ಕಾಲೇಜು ಯಾವುದೋ.

"ನಿಮ್ಮ ವ್ಯಾನ್ ಡ್ರೈವರ್ ಬೆಳಿಗ್ಗೆ ಏನು ಮಾಡ್ತಾರೆ?" ಎಂದು ಕೇಳಿದೆ. ಕಂಪನಿಯ ವ್ಯಾನು ವೈಟ್‌ಫೀಲ್ಡ್ ಕಡೆಯಿಂದ ಇವನನ್ನೂ ನನ್ನನ್ನೂ ಇನ್ನು ಕೆಲವರನ್ನೂ ಹತ್ತಿಸಿಕೊಂಡು ಬರುತ್ತಿತ್ತು.

"ಗೇಟ್ ಹತ್ರ ಬಂದು ಮಿಸ್ ಕಾಲ್ ಕೊಡ್ತಾರೆ."

"ಮಾತಾಡ್ತಾರಾ?"

"ಇಲ್ಲ ಮೇಡಂ, ಒಂದು ರಿಂಗು, ಕಟ್ಟು."

"ಅಷ್ಟೇ ಸಾಕು. ದಾಖಲೆ ತಂದವನು ಇಟ್ಟು ಸುಮ್ನೆ ಹೋಗೋದ್ಯಾಕೆ? ಒಂದು ಮಿಸ್ ಕಾಲ್ ಕೊಟ್ಟು ಹೋಗ್ಲಿ. ಮಲಗಿರೋನು ಎದ್ದು, ಬರೆದು, ಮತ್ತೆ ಮಲಗ್ಲಿ. ಕರೆಯದೆ ಏಳೋದು ಬೇಡ."

ಇದು ನನ್ನ ಆವಿಷ್ಕಾರವೇನೂ ಅಲ್ಲ, ಗಂಟೆಯಿದ್ದ ಎಲ್ಲ ಹಾಸ್ಟೆಲಿನವರಿಗೂ ಗೊತ್ತಿದ್ದದ್ದು. ಅವನು ಮಾತ್ರ ಬಿಳಿ ಹಲಗೆಯ ಮೇಲೆ ಬಾಣಗಳನ್ನು ಬರೆದು, ಫೋಟೋ ತೆಗೆದು, ಗ್ರೂಪಿಗೆ ಹಾಕಿದ. ಆರು ಜನ ಹೆಬ್ಬೆರಳು ತೋರಿಸಿದರು.

ಬರೆದ ಕೋಡು ಚೆನ್ನಾಗಿಯೇ ನಡೆಯಿತು. ಮೀಟರಿನ ಮುಳ್ಳು ಮಲಗಿತು, ದಾಖಲೆ ಬಂದಾಗ ಒಮ್ಮೆ ಎದ್ದಿತು, ಮತ್ತೆ ಮಲಗಿತು. ಆದರೆ ಪರೀಕ್ಷಾ ವಿಭಾಗದವರು ಒಂದು ಸಲ ನಡೆದದ್ದನ್ನು ನಂಬುವುದಿಲ್ಲ. ದಾಖಲೆ ಬಿದ್ದು ಕೊಂಚ ಹೊತ್ತಿಗೆ ತಂತಿ ಕೀಳುವುದು, ಮತ್ತೆ ಹಚ್ಚಿ ನೋಡುವುದು, ಇದನ್ನೇ ನಾನು ದಿನವಿಡೀ ಮಾಡಿದೆ. ಸಂಜೆಯ ಹೊತ್ತಿಗೆ ಒಂದು ದಾಖಲೆ ಕಾಣೆಯಾಯಿತು.

"ಒಂದೇ ಒಂದ್ಸಲ ಅಲ್ವಾ ಮೇಡಂ? ಇಗ್ನೋರ್ ಮಾಡ್ಬೋದು."

"ಆ ಸಿಸ್ಟರಿಗೆ ಫೋನ್ ಮಾಡಿ ಇದೇ ಮಾತು ಹೇಳಿ. ನಾನು ಸ್ಪೀಕರ್ ಹಾಕ್ತೀನಿ."

ಫೋನ್ ಮಾಡಲಿಲ್ಲ. ಅದರ ಬದಲು, ಸುಮ್ಮನೆ ಇರಲಿ ಎಂದು ಪ್ರೋಸೆಸ್ಸಿಗೆ ಸೆಕೆಂಡಿಗೊಮ್ಮೆ ಏಳುವ ಅಲಾರಾಂ ಇಡೋಣವೇ ಎಂದ. ಮುಂಬಾಗಿಲಿನಿಂದ ಅಟ್ಟಿದವನನ್ನು ಹಿತ್ತಿಲಿನಿಂದ ಕರೆದು ಕೂರಿಸುವ ಉಪಾಯ! ಬೇಡವೆಂದು ಅವನ ಕೋಡನ್ನು ಸಾಲು ಸಾಲಾಗಿ ಓದಿದೆ. ತಪ್ಪು ಎರಡು ಸಾಲುಗಳ ನಡುವೆ ಕೂತಿತ್ತು. ಪ್ರೋಸೆಸ್ ಮೊದಲು ಕೆಲಸ ಇದೆಯಾ ಎಂದು ನೋಡುತ್ತಿತ್ತು, ಇಲ್ಲವೆಂದಾದರೆ ಹಳೆಯ ಕರೆಗಳ ಗುರುತನ್ನೆಲ್ಲ ಅಳಿಸುತ್ತಿತ್ತು, ಆಮೇಲೆ ಮಲಗುತ್ತಿತ್ತು. ಓದಲು ಎಷ್ಟು ಅಚ್ಚುಕಟ್ಟು!

ಹಿಂದಿನ ವಾರ ಇದೇ ಟೀಮ್ ಲೀಡ್ ವ್ಯಾನ್ ತಪ್ಪಿಸಿಕೊಂಡಿದ್ದ. ನಾವೆಲ್ಲ ಅವನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾದು ಕಾದು ಹೊರಟುಹೋಗಿದ್ದೆವು. ಡ್ರೈವರ್ ಕಾಲೇ ಮಾಡಲಿಲ್ಲವೆಂದು ಅವನ ದೂರು, ಮಾಡಿದ್ದೇನೆಂದು ಡ್ರೈವರನ ಆಣೆ.

"ಅವತ್ತು ಏನು ಮಾಡಿದ್ರಿ, ಸರಿಯಾಗಿ ಹೇಳಿ," ಎಂದೆ.

"ಬಾಲ್ಕನಿಗೆ ಹೋಗಿ ನೋಡ್ದೆ ಮೇಡಂ, ವ್ಯಾನ್ ಇರ್ಲಿಲ್ಲ. ಒಳಗೆ ಬಂದೆ. ಫೋನ್ ಸೈಲೆಂಟಲ್ಲಿತ್ತು, ಅದರಲ್ಲಿ ನೋಟಿಫಿಕೇಶನ್ ಎಲ್ಲಾ ಕ್ಲಿಯರ್ ಮಾಡ್ದೆ, ತುಂಬಾ ಇತ್ತು. ಆಮೇಲೆ ಸೋಫಾ ಮೇಲೆ ಕೂತೆ."

"ನೋಡಿ ಒಳಗೆ ಬಂದ್ರಲ್ಲ, ಆಮೇಲೆ ಕ್ಲಿಯರ್ ಮಾಡಿದ್ರಲ್ಲ. ಮಧ್ಯದಲ್ಲಿ?"

ಅವನ ಕೈ ಫೋನಿನ ಮೇಲೆ ನಿಂತಿತು.

"ಮಧ್ಯದಲ್ಲಿ ವ್ಯಾನ್ ಬಂತು. ಮಿಸ್ ಕಾಲೂ ಬಂತು. ನೀವು ಹಳೇದರ ಜೊತೆ ಅದನ್ನೂ ಒರೆಸಿದ್ರಿ. ಡ್ರೈವರ್ ಕರೆದಾಯ್ತು ಅಂತ ಅಲ್ಲಿ ಕಾಯ್ತಾರೆ, ನೀವು ಕರೆದೇ ಇಲ್ಲ ಅಂತ ಇಲ್ಲಿ ಕೂತಿರ್ತೀರ."

"ಅಯ್ಯೋ," ಎಂದ. ಅಷ್ಟು ದಿನದಲ್ಲಿ ಅವನು ಇಂಗ್ಲಿಷ್ ಬೆರೆಸದೆ ಆಡಿದ ಮಾತು ಇದೊಂದೇ.

ಮೊದಲು ಒರೆಸಬೇಕು, ಆಮೇಲೆ ಬಾಲ್ಕನಿಗೆ ಹೋಗಿ ನೋಡಬೇಕು, ಆಮೇಲೆ ಕೂರಬೇಕು. ಒರೆಸಿದ ಮೇಲೆ ಕರೆ ಬಂದರೆ ಅದು ಫೋನಿನಲ್ಲಿ ಉಳಿಯುತ್ತದೆ. ಒರೆಸುವ ಮೊದಲೇ ವ್ಯಾನ್ ಬಂದಿದ್ದರೆ ಕಣ್ಣಿಗೆ ಕಾಣುತ್ತದೆ. ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದೇ ಆ ತಿಂಗಳ ಇಡೀ ಕೆಲಸ. ಹೊಸ ಕೋಡಿನೊಡನೆ ಮತ್ತೆ ಅಷ್ಟೇ ಹಟದಿಂದ ತಂತಿ ಕಿತ್ತೆ, ಹಚ್ಚಿದೆ. ಯಾವುದೂ ಕಾಣೆಯಾಗಲಿಲ್ಲ. ಟೀಮ್ ಲೀಡ್ ಇದನ್ನು ವಿವರಿಸಲು ದೀರ್ಘವಾದ ಈಮೇಲ್ ಬರೆದ. ಅದರಲ್ಲಿ ಬಾಲ್ಕನಿಯ ಪ್ರಸ್ತಾಪ ಇರಲಿಲ್ಲ.

ಕರೆಂಟ್ ತೆಗೆಯುವ ದಿನ ನಾವಿಬ್ಬರೂ ಚಂದಾಪುರಕ್ಕೆ ಹೋದೆವು. ನರ್ಸಿಂಗ್ ಹೋಮಿನ ಬೆಂಚುಗಳ ಮೇಲೆ ತಾಯಂದಿರು ಆಗಲೇ ಮಕ್ಕಳನ್ನು ಎತ್ತಿಕೊಂಡು ಕೂತಿದ್ದರು. ಕರೆಂಟ್ ಬಂದು ದಾಖಲೆ ನೋಡುವವರೆಗೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲವೆಂದು ಸಿಸ್ಟರ್ ಅವರಿಗೆ ಹೇಳಿಬಿಟ್ಟಿದ್ದರು. ಫ್ಯಾನ್ ನಿಂತಿತು. ಪೆಟ್ಟಿಗೆ ಬ್ಯಾಟರಿಗೆ ಹೊರಳಿತು, ಅದರ ಪರದೆ ತಾನಾಗಿ ಆರಿತು.

ನಾನು ಕುರ್ಚಿಯಲ್ಲಿ ಕೂತೆ. ಟೀಮ್ ಲೀಡ್ ಕೂರಲಿಲ್ಲ. ಪೆಟ್ಟಿಗೆಯ ಬಳಿ ಹೋಗಿ ಪರದೆ ಮುಟ್ಟಿದ, ಅದು ಬೆಳಗಿತು. ಬ್ಯಾಟರಿ ಎಷ್ಟಿದೆಯೆಂದು ನೋಡಿದ. ಹಿಂದಕ್ಕೆ ಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಮುಟ್ಟಿದ, ಮತ್ತೆ ಬೆಳಗಿತು. ತಿಂಗಳಿಡೀ ಕೂತು ಉಳಿಸಿದ್ದನ್ನು ಈ ಮನುಷ್ಯ ಒಂದು ಬೆರಳಿನಿಂದ ಖರ್ಚು ಮಾಡುತ್ತಿದ್ದ! ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಕೂಗಿದರು.

"ರೀ ಸಾರ್, ಏನ್ರೀ ಅದು ಆವಾಗಿಂದ ಚುಚ್ತಾ ಇದೀರಾ? ಹಾಲು ಉಕ್ಕುತ್ತಾ ಅಂತ ನೋಡ್ತಿದೀರಾ?"

"ಇಲ್ಲ ಸಿಸ್ಟರ್, ಬ್ಯಾಟರಿ ಇದ್ಯಾ ಅಂತ..."

"ನೀವು ಹಿಂಗೆ ಕೇಳ್ತಾ ಇದ್ರೆ ಎಲ್ಲಿರುತ್ತೆ? ಬನ್ನಿ ಈಕಡೆ. ಈ ಮಗು ಹಿಡ್ಕೊಳಿ, ಅವ್ರಮ್ಮ ನೀರು ಕುಡ್ಕೊಂಡ್ ಬರ್ತಾರೆ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ತಾಯಿ ನೀರು ಕುಡಿದು ಬಂದ ಮೇಲೂ ಸಿಸ್ಟರ್ ಮಗುವನ್ನು ಅವನ ಮಡಿಲಲ್ಲೇ ಬಿಟ್ಟು ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಎರಡೂ ಕೈ ತುಂಬಿದ್ದರಿಂದ ಅವನಿಗೆ ಪೆಟ್ಟಿಗೆಯನ್ನೂ ಮುಟ್ಟಲಾಗಲಿಲ್ಲ, ಫೋನನ್ನೂ ಮುಟ್ಟಲಾಗಲಿಲ್ಲ. ನಾನು ಕಂಡಂತೆ ಅವನ ಅತ್ಯಂತ ಉಪಯುಕ್ತ ಮಧ್ಯಾಹ್ನ ಅದು.

ಬಿಸಿಲು ಇಳಿಯುವ ಹೊತ್ತಿಗೆ ಫ್ಯಾನ್ ತಿರುಗಿತು. ಪೆಟ್ಟಿಗೆ ಇನ್ನೂ ಬದುಕಿತ್ತು, ದಾಖಲೆ ಎಲ್ಲಿಯೂ ಕಡಿದಿರಲಿಲ್ಲ. ಟೀಮ್ ಲೀಡ್ ನನ್ನ ಕಡೆ ನೋಡಿ ಹಲ್ಲು ಬಿಟ್ಟ. ಸಿಸ್ಟರ್ ಬಿಡಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿ, ಒಂದು ಉಸಿರಿನಷ್ಟು ನಿಂತು, ಪೆಟ್ಟಿಗೆಯ ಕರೆಂಟಿನ ತಂತಿ, ಬ್ಯಾಟರಿಯ ತಂತಿ ಎರಡನ್ನೂ ಕಿತ್ತುಬಿಟ್ಟರು.

"ಸಿಸ್ಟರ್!" ಎಂದು ಅವನು ಮಗುವಿನ ಸಮೇತ ಎದ್ದು ನಿಂತ.

"ಇದು ಆಫ್ ಇರೋ ಎರಡು ನಿಮಿಷದ್ದು ನಾನೇ ಥರ್ಮಾಮೀಟರ್ ನೋಡಿ ಬರ್ಕೋತೀನಿ, ಅದಕ್ಕೆ ರೂಲಿದೆ. ಇಡೀ ಮಧ್ಯಾಹ್ನ ನಿಂತು ಬರೆಯೋಕೆ ಆಗಲ್ಲ ಅಷ್ಟೇ. ಈಗ ಬಾಗ್ಲು ತೆಗೆದಿದ್ನಲ್ಲ, ಅದನ್ನ ಬರ್ಕೊಂಡಿದ್ಯಾ ಅಂತ ನೋಡ್ಬೇಕು ನಂಗೆ."

ಕೆಲಸ ಬಲ್ಲವರು ಹೀಗೆ ಪರೀಕ್ಷೆ ಮಾಡುತ್ತಾರೆ. ತಂತಿ ಮತ್ತೆ ಹಚ್ಚಿದರು. ಪೆಟ್ಟಿಗೆ ನಿಧಾನವಾಗಿ ಕಣ್ಣು ಬಿಟ್ಟಿತು. ಪರದೆಯ ಕೊನೆಯ ಸಾಲಿನಲ್ಲಿ, ಬಾಗಿಲು ತೆರೆದದ್ದು, ಮುಚ್ಚಿದ್ದು, ಎರಡೂ ಇದ್ದವು. ಸಿಸ್ಟರ್ ಕನ್ನಡಕ ಮೇಲೇರಿಸಿ ಅದನ್ನು ತಮ್ಮ ಗೋಡೆ ಗಡಿಯಾರದ ಜೊತೆ ತಾಳೆ ನೋಡಿದರು. ಫ್ರಿಜ್ಜಿನಿಂದ ಲಸಿಕೆಯ ಟ್ರೇ ಹೊರತೆಗೆದು ಬೆಂಚುಗಳ ಕಡೆ ತಿರುಗಿದರು.

"ಮೊದ್ಲು ಯಾರ್ರಮ್ಮ ಬಂದಿದ್ದು? ಒಳಗೆ ಬನ್ನಿ. ಸಾರ್, ಆ ಮಗೂನ ಕೊಡಿ, ಅದೇ ಮೊದಲ್ನೇದು."