ಇಳಿಸಿಕೊಡಿ ಎಂದು ಕೇಳಿದ ಸಂಬಳ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಗಡಿಬಿಡಿ ಎಂದೇ ಹೆಸರು. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ, ಏನಾದರೂ ಆಗುವ ಮೊದಲೇ ಹೆದರುವವಳು. ಈ ಸಲ ಮಾತ್ರ ಹೆದರಿದ್ದಕ್ಕೆ ಅರ್ಥವಿತ್ತು. ಮೂರು ವರ್ಷ ಕಾಡಿ ಬೇಡಿದ ಮೇಲೆ ಎಲ್ಲರ ಸಂಬಳ ಏರಿತ್ತು, ಏರಿದ್ದೇ ಅವಳಿಗೆ ಮುಳುವಾಗಿತ್ತು. ಆದಾಯ ಇಂತಿಷ್ಟು ದಾಟಿದರೆ ಸರ್ಕಾರದ ಆಹಾರ ಕಾರ್ಡು ನಿಲ್ಲುತ್ತದೆ. ಅವಳು ದಾಟಿದ್ದು ಕೂದಲೆಳೆಯಷ್ಟು. ಹೋಗುವುದು ಮಾತ್ರ ಇಬ್ಬರು ಮಕ್ಕಳು ಮತ್ತು ಅತ್ತೆಯ ಅರ್ಧ ತಿಂಗಳ ಊಟ. ಗಂಡ ತೀರಿಕೊಂಡ ಮನೆ, ಇನ್ನೊಬ್ಬರ ದುಡಿಮೆಯಿಲ್ಲ.

ಮೇಲ್ವಿಚಾರಕನ ಮುಂದೆ ಹೋಗಿ ನಿಂತಳು.

"ಸಾರ್, ಏರಿಸಿದ್ದನ್ನ ಇಳಿಸಿಬಿಡಿ."

"ಹುಷಾರಾಗಿದ್ದೀರಿ ತಾನೆ?" ಎಂದು ಅವನು ನಕ್ಕ. ವಿಷಯ ತಿಳಿದ ಮೇಲೆ ನಗು ನಿಂತಿತು. "ಸಂಬಳ ಇಳಿಸೋದು ನನ್ನ ಕೈಲಿಲ್ಲ. ವಾರಕ್ಕೊಂದು ದಿನ ಕೆಲಸ ಕಮ್ಮಿ ಮಾಡ್ಬಹುದು, ಆ ದಿನದ ಸಂಬಳ ಕಟ್ಟಾಗತ್ತೆ. ಆದ್ರೆ ಚಾದರ ಮಡಿಸೋದು ಜೋಡಿ ಕೆಲಸ. ನೀವು ಬರದಿದ್ದ ದಿನ ದೊಡ್ಡಕ್ಕನ್ನೂ ಮನೇಲಿ ಕೂರಿಸ್ಬೇಕಾಗತ್ತೆ. ಅವರನ್ನ ಕೇಳಿ, ಸಂಜೆಯೊಳಗೆ ಹೇಳಿ."

ದೊಡ್ಡಕ್ಕ! ಹತ್ತು ವರ್ಷದಿಂದ ಚಾದರದ ಆ ತುದಿ ಹಿಡಿದವಳು. ಅವಳ ಗಂಡನೂ ಅಷ್ಟಿಷ್ಟು ದುಡಿಯುತ್ತಾನೆ, ಹಾಗಾಗಿ ಕಾರ್ಡಿಲ್ಲ. "ಇಬ್ರೂ ಒಂದೇ ಬೆವರು ಸುರಿಸ್ತೀವಿ. ನಿನ್ನ ಚೀಲದಲ್ಲಿ ಮೊಟ್ಟೆ, ನನ್ನ ಚೀಲದಲ್ಲಿ ಗಾಳಿ," ಎಂದು ನಗುನಗುತ್ತಲೇ ಚುಚ್ಚುತ್ತಿದ್ದಳು. ಚುಚ್ಚಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಗಡಿಬಿಡಿಗೆ ಉರಿಯುತ್ತಿದ್ದದ್ದೂ ಅದಕ್ಕೇ.

ಚಾದರ ಮಡಿಸುವಾಗ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎದುರುಬದುರು ನಿಂತು ಎಳೆಯಬೇಕು, ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ನಲವತ್ತು ಚಾದರ ಮುಗಿದರೂ ಗಡಿಬಿಡಿ ಲೆಕ್ಕ ಹಾಕುತ್ತಲೇ ಇದ್ದಳು. ಕೇಳದಿದ್ದರೆ ಮಕ್ಕಳ ತಟ್ಟೆ ಖಾಲಿ, ಕೇಳಿದರೆ ದೊಡ್ಡಕ್ಕನ ತಟ್ಟೆ. ಆ ಆದಾಯದ ಗೆರೆ ಎಳೆದ ಪುಣ್ಯಾತ್ಮ ಯಾರೋ, ನೇರ ಇವರಿಬ್ಬರ ನಡುವೆಯೇ ಎಳೆದಿದ್ದ.

"ದೊಡ್ಡಕ್ಕ, ಒಂದು ಮಾತು..."

"ನಂದು ಮೊದ್ಲು ಕೇಳೇ. ಏರಿದ ಸಂಬಳ ಕೈಗೆ ಬಂತಲ್ಲ, ನಿನ್ನೆ ಬೆಲೆ ನೋಡ್ದೇನೇ ಹಾಲು ತಗೊಂಡೆ. ನಮ್ಮನೆಯವ್ರು, 'ಯಾರಾದ್ರೂ ನೆಂಟ್ರು ಬಂದಿದಾರಾ' ಅಂದ್ರು!" ನಕ್ಕು ನಕ್ಕು ದೊಡ್ಡಕ್ಕ ಕಣ್ಣೊರೆಸಿಕೊಂಡಳು. "ನಿಂಗೇನಮ್ಮ, ಕಾರ್ಡೂ ಇದೆ, ಸಂಬಳಾನೂ ಏರ್ತು. ಅದಿರ್ಲಿ, ಏನೋ ಹೇಳೋಕೆ ಬಂದ್ಯಲ್ಲ?"

ಗಡಿಬಿಡಿ ಮುಂದಿನ ಚಾದರ ಎಳೆದುಕೊಂಡಳು. ಮಕ್ಕಳ ಮುಖ ಕಣ್ಣ ಮುಂದೆ ಬಂತು, ಎದುರಿಗಿದ್ದ ಮುಖವೂ ಅಲ್ಲೇ ಇತ್ತು.

"ಏನಿಲ್ಲ ದೊಡ್ಡಕ್ಕ. ಹಾಲು ಕೆಡದ ಹಾಗೆ ನೋಡ್ಕೊಳ್ಳಿ," ಎಂದಳು.

ಸಂಜೆ ಮೇಲ್ವಿಚಾರಕನ ಕೋಣೆ ದಾಟುವಾಗ ಅವಳು ಒಳಗೆ ನೋಡಲಿಲ್ಲ.